ಕಡ್ಮತ್‌ನ ಬಾವಿ ಮತ್ತು ಚಿಕ್ಕಪ್ಪನ ಪ್ರಶ್ನೆಗಳು

ಲಕ್ಷದ್ವೀಪಕ್ಕೆ ಡೈವಿಂಗ್‌ಗೆ ಹೋಗಿ ಬಂದೆ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವುದು ಎರಡೇ ಪ್ರಶ್ನೆ. ಖರ್ಚು ಎಷ್ಟಾಯ್ತು? ಶಾರ್ಕ್ ಸಿಕ್ತಾ? ನಮ್ಮ ತೀರ್ಥಹಳ್ಳಿ ಕಡೆಯವರ ಪ್ರಶ್ನೆಗಳೇ ಬೇರೆ. ಅಲ್ಲಿ ಮಳೆ ಹ್ಯಾಗೆ? ಮಣ್ಣು ಎಂಥದು? ಅಡಿಕೆ ಆಗುತ್ತಾ? ಚಿಕ್ಕಪ್ಪನಂತೂ ಫೋಟೋಗಳನ್ನು ಅರ್ಧಕ್ಕೇ ಬಿಟ್ಟು ಮೊಬೈಲ್ ವಾಪಸ್ ಕೊಟ್ಟರು. "ಅಲ್ಲ ಮಾರಾಯ್ತಿ, ಸುತ್ತ ಉಪ್ಪುನೀರು. ಅಷ್ಟು ಜನ ಕುಡಿಯೋದು ಎಂತದನ್ನ?"

ಅವರಿಗೆ ಕೊಟ್ಟ ಉತ್ತರ ಉದ್ದವಾಯ್ತು. ಬಾವಿಯಿಂದ ಶುರುವಾಗಿ ಹವಳಕ್ಕೆ ಹೋಗಿ, ಅಲ್ಲಿಂದ ನಮ್ಮ ಮಂಗಗಳ ತನಕ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀರೊಳಗೆ ಇಳಿಯುವ ಕತೆಯೂ ಇದೆ, ಸ್ವಲ್ಪ ತಡವಾಗಿ ಬರುತ್ತದೆ.

ತೋಟದ ಮನೆಯವರಿಗೆ ಪ್ರವಾಸ ಅನ್ನುವುದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಮುಗಿದ ಮೇಲೇ. ಸುಲಿದು, ಬೇಯಿಸಿ, ಒಣಗಿಸಿ, ಅಡಿಕೆ ಚೀಲ ಸೇರುವ ತನಕ ಮನೆ ಬಿಡುವ ಹಾಗಿಲ್ಲ. ಪುಣ್ಯಕ್ಕೆ ಲಕ್ಷದ್ವೀಪದಲ್ಲಿ ಡೈವಿಂಗ್ ಸೀಸನ್ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಇರುತ್ತದೆ. ಫೆಬ್ರವರಿ ಕೊನೆಗೆ ನಾನು ಮತ್ತು ಸಾಗರದ ಗೆಳತಿ ಹೊರಟೆವು. ಆಗುಂಬೆ ಘಾಟಿ ಇಳಿದು ಉಡುಪಿ, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ, ಕೊಚ್ಚಿಯಿಂದ ಅಗತ್ತಿಗೆ ಸಣ್ಣ ವಿಮಾನ, ಅಗತ್ತಿಯಿಂದ ಕಡ್ಮತ್ ದ್ವೀಪಕ್ಕೆ ಬೋಟು.

ಹೋಗುವ ಮೊದಲು ಪರ್ಮಿಟ್ ಮಾಡಿಸಬೇಕು. ಪ್ರವಾಸಕ್ಕೆ ಹೋಗುವ ಯಾರೂ, ಭಾರತದವರೇ ಆದರೂ, ಪರ್ಮಿಟ್ ಇಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ. ಅದಕ್ಕಾಗಿ ನಮ್ಮ ಊರಿನ ಠಾಣೆಯಿಂದ ಒಂದು ಪತ್ರ ತೆಗೆದುಕೊಳ್ಳಬೇಕಾಯ್ತು. "ಮಾಲ್ಡೀವ್ಸಾ ಮೇಡಂ?" ಅಂದರು ಅಲ್ಲಿದ್ದವರು. ಅಲ್ಲ, ನಮ್ಮದೇ ದೇಶ, ಒಂದು ಕಾಲಕ್ಕೆ ನಮ್ಮ ಪಕ್ಕದ ಜಿಲ್ಲೆಗೇ ಸೇರಿತ್ತು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಆದರೆ ನಿಜ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತದ ಕಾಟ ತಾಳಲಾರದೆ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಅವನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾದವು. ಆಮೇಲೂ ಮಂಗಳೂರಿನಿಂದಲೇ ಆಡಳಿತ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ. ದ್ವೀಪದ ಓಡಗಳು, ಅಂದರೆ ಹಾಯಿದೋಣಿಗಳು, ತೆಂಗಿನ ನಾರು, ಕೊಬ್ಬರಿ ಹೊತ್ತು ಮಂಗಳೂರಿಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ವಾಪಸ್ ಹೋಗುತ್ತಿದ್ದವು. 1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರು ಅಂತ ಒಂದಾದೆವಲ್ಲ, ಅದೇ ದಿನ ಈ ದ್ವೀಪಗಳು ನಮ್ಮಿಂದ ಕಳಚಿಕೊಂಡು ಕೇಂದ್ರಾಡಳಿತ ಪ್ರದೇಶ ಆದವು. ಲಕ್ಷದ್ವೀಪ ಅನ್ನುವ ಹೆಸರು ಬಂದಿದ್ದು 1973ರಲ್ಲಿ. ಇದನ್ನು ಹೇಳಿದಾಗ ಚಿಕ್ಕಪ್ಪನಿಗೆ ಮೊದಲ ಸಲ ಆ ಊರಿನ ಮೇಲೆ ಸ್ವಲ್ಪ ಆಸಕ್ತಿ ಹುಟ್ಟಿತು. ಜಿಲ್ಲೆ, ತಾಲೂಕು ಅಂತ ಬಂದರೆ ಅವರಿಗೆ ಎಲ್ಲವೂ ಹತ್ತಿರದ್ದು.

ವಿಮಾನದಿಂದ ನೋಡಿದರೆ ಹೊರಗೆಲ್ಲ ಕಡುನೀಲಿ. ಆಮೇಲೆ ನೊರೆಯ ಒಂದು ಬಿಳಿ ಗೆರೆ. ಅದರ ಒಳಗೆ ತಿಳಿಹಸಿರು. ಆ ಬಿಳಿ ಗೆರೆ ಇರುವಲ್ಲೇ ಹವಳದ ದಿಬ್ಬ ಇರುವುದು, ಅಲೆಗಳು ಅದಕ್ಕೆ ಬಡಿದು ಅಲ್ಲೇ ಮುರಿಯುತ್ತವೆ. ಒಳಗಿನ ತಿಳಿನೀರು ಲಗೂನ್. ಜನ ಇರುವ ದ್ವೀಪ ಅನ್ನುವುದು ಈ ಇಡೀ ಸುತ್ತಿನ ಪೂರ್ವದ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ. ಕಡ್ಮತ್ ಉದ್ದಕ್ಕೆ ಸುಮಾರು 9 ಕಿಲೋಮೀಟರ್, ಅಗಲ ಅಂದರೆ ಅರ್ಧ ಕಿಲೋಮೀಟರಿನ ಆಸುಪಾಸು. ಒಂದು ದಂಡೆಯಲ್ಲಿ ನಿಂತು ಕೂಗಿದರೆ ಇನ್ನೊಂದು ದಂಡೆಯವರು ಓಗೊಡಬಹುದು ಅನಿಸುತ್ತದೆ.

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಕೂಡಿಸಿದರೂ 32 ಚದರ ಕಿಲೋಮೀಟರ್. ನಮ್ಮ ಲಿಂಗನಮಕ್ಕಿ ತುಂಬಿದರೆ ನೀರು ಮುಚ್ಚುವ ಜಾಗವೇ 300 ಚದರ ಕಿಲೋಮೀಟರ್ ಮೀರುತ್ತದೆ. ಆದರೆ ಅಲ್ಲಿನ ಲಗೂನ್‌ಗಳನ್ನು ಲೆಕ್ಕ ಹಿಡಿದರೆ 4,200 ಚದರ ಕಿಲೋಮೀಟರ್. ಈ ಚೂರು ನೆಲದಲ್ಲಿ, 2011ರ ಜನಗಣತಿಯ ಪ್ರಕಾರ, 64,000ಕ್ಕೂ ಹೆಚ್ಚು ಜನ. ವಾಸ ಇರುವುದು ಹತ್ತು ದ್ವೀಪಗಳಲ್ಲಿ ಮಾತ್ರ.

ಅಲ್ಲಿ ಗುಡ್ಡ ಇಲ್ಲ. ಹೊಳೆ ಇಲ್ಲ. ಹಳ್ಳವೂ ಇಲ್ಲ. ನಾವು ಮಣ್ಣು ಅನ್ನುವ ಕೆಂಪು ಮಣ್ಣು ಇಲ್ಲವೇ ಇಲ್ಲ. ಕಾಲಡಿ ಇರುವುದೆಲ್ಲ ಹವಳದ ಪುಡಿ, ಚಿಪ್ಪಿನ ಚೂರು. ನಮ್ಮಲ್ಲಿ ಜಂಬಿಟ್ಟಿಗೆ ಕಡಿದು ಮನೆ ಕಟ್ಟುತ್ತೇವೆ, ಅಲ್ಲಿ ಹಳೆಯ ಮನೆಗಳ ಗೋಡೆಗೂ ಹವಳದ ಕಲ್ಲೇ. ಬೆಳೆ ಅಂದರೆ ತೆಂಗು, ತೆಂಗು, ಮತ್ತೆ ತೆಂಗು. ಜೀಗುಜ್ಜೆ ಚೆನ್ನಾಗಿ ಬರುತ್ತದೆ, ಅದೇ ಅಲ್ಲಿನ ರಾಜ್ಯ ಮರ. ಜೀಗುಜ್ಜೆ ಸುದ್ದಿ ಕೇಳಿ ಅತ್ತೆಗೆ ಸಮಾಧಾನವಾಯ್ತು. ಊಟಕ್ಕೆ ನಾವೇನು ಮಾಡಿದೆವು ಅನ್ನುವುದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ.

ನಾವಿದ್ದ ಜಾಗದ ಹಿಂದೆ ಒಂದು ಬಾವಿ ಇತ್ತು. ಬಾವಿ ಅಂದರೆ ನಮ್ಮ ಲೆಕ್ಕದಲ್ಲಿ ಗುಂಡಿ. ಇಣುಕಿದರೆ ಕೈಗೆ ಸಿಗುವ ಹಾಗೆ ನೀರು. ಅಲ್ಲಿಂದ ಸಮುದ್ರ ಕಾಣುತ್ತದೆ, ಅಲೆಯ ಸದ್ದು ಕೇಳುತ್ತದೆ. ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರೆ ಒಂದು ಚೂರು ಸಪ್ಪೆ, ಒಂದು ಚೂರು ಸುಣ್ಣದ ರುಚಿ. ಆದರೆ ಸಿಹಿನೀರೇ. ಕೆಳಗೆ ಯಾವ ಸೆಲೆಯೂ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಸೀದಾ ಇಂಗುತ್ತದೆ. ಆ ಮರಳಿನ ಸಂದಿನಲ್ಲೆಲ್ಲ ಮೊದಲೇ ಸಮುದ್ರದ ನೀರು ತುಂಬಿರುತ್ತದೆ. ಉಪ್ಪುನೀರು ಭಾರ, ಮಳೆನೀರು ಹಗುರ. ಹಾಗಾಗಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಾ ನಿಲ್ಲುತ್ತದೆ. ದ್ವೀಪದ ನಡುವೆ ಸ್ವಲ್ಪ ದಪ್ಪ, ಅಂಚಿಗೆ ಹೋದ ಹಾಗೆ ತೆಳು. ಸಮುದ್ರದಲ್ಲಿ ಉಬ್ಬರ ಬಂದರೆ ಬಾವಿಯ ನೀರೂ ಮೇಲೇರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಆಸೆಬಿದ್ದು ದೊಡ್ಡ ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೆ ಬಂದು ಬಾವಿ ಕೆಡುತ್ತದೆ.

ಮಳೆಯೂ ನಮ್ಮಷ್ಟು ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 1,600ರ ಆಸುಪಾಸು. ಮುಂಗಾರು ಅದೇ, ಕಡಲೂ ಅದೇ. ಆದರೆ ಮೋಡವನ್ನು ತಡೆದು ಮೇಲೆ ಎತ್ತಲು ಅಲ್ಲಿ ಘಟ್ಟ ಇಲ್ಲ. ಎರಡು ಮೀಟರ್ ಎತ್ತರದ ನೆಲವನ್ನು ಮೋಡ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜನ ಹೆಚ್ಚಾದ ಮೇಲೆ ಬಾವಿ ಸಾಕಾಗಲಿಲ್ಲ. 2005ರಲ್ಲಿ ಕವರತ್ತಿ ದ್ವೀಪದಲ್ಲಿ ಸಮುದ್ರದ ನೀರನ್ನೇ ಸಿಹಿನೀರು ಮಾಡುವ ಘಟಕ ಶುರುವಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದು. ಮೇಲಿನ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿ ಆವಿ ಮಾಡುವುದು, ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ನೀರು ಹಿಡಿಯುವುದು. ದಿನಕ್ಕೆ 1 ಲಕ್ಷ ಲೀಟರ್. 2011ರಲ್ಲಿ ಅಗತ್ತಿ, ಮಿನಿಕಾಯ್‌ಗೂ ಬಂತು. ಹವಳದ ದ್ವೀಪದ ಅಂಚು ದಿಢೀರನೆ ಆಳಕ್ಕೆ ಇಳಿಯುವುದರಿಂದಲೇ ಇದು ಸಾಧ್ಯವಾಯ್ತು. ದಡದಿಂದ ಬಹಳ ದೂರ ಹೋಗದೆಯೇ ಅಷ್ಟು ಆಳದ ತಣ್ಣೀರು ಸಿಗುತ್ತದೆ.

"ಆಯ್ತು, ಮಳೆನೀರು ಮರಳಲ್ಲಿ ನಿಂತಿತು. ಆ ಮರಳು ಯಾಕೆ ಕೊಚ್ಚಿಕೊಂಡು ಹೋಗಿಲ್ಲ?" ಚಿಕ್ಕಪ್ಪ ಬಿಡುವವರಲ್ಲ. ತೋಟದ ಕಾಲುವೆಯ ಒಡ್ಡನ್ನು ಪ್ರತಿ ಮಳೆಗಾಲ ಮತ್ತೆ ಕಟ್ಟುವ ಮನುಷ್ಯನಿಗೆ ಬರಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ನೀರಿನ ಒಳಗಿದೆ.

ಡೈವಿಂಗ್ ಕಲಿಸುವವನು ಅಲ್ಲಿಯದೇ ಹುಡುಗ. ಅವನ ಮಾತು ಮಲಯಾಳಂ, ಅದೂ ಜೆಸರಿ ಅನ್ನುವ ದ್ವೀಪದ ಆಡುನುಡಿ. ನಮಗೆ ಹರುಕುಮುರುಕು ಹಿಂದಿ ಮತ್ತು ಕೈಸನ್ನೆಯೇ ಗತಿ. ನೀರೊಳಗೆ ಹೇಗೂ ಕೈಸನ್ನೆಯೇ. ಅಲ್ಲಿ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಅಂತ ಅಲ್ಲ, ನನ್ನನ್ನು ಮೇಲೆ ಕರೆದುಕೊಂಡು ಹೋಗು ಅಂತ. ಗೆಳತಿ ಖುಷಿಯಲ್ಲಿ ಹೆಬ್ಬೆರಳು ಎತ್ತಿದಾಗಲೆಲ್ಲ ಆ ಹುಡುಗ ಪಾಪ ಅವಳನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದ.

ಮೊದಲು ಲಗೂನ್‌ನ ಸೊಂಟದಷ್ಟು ನೀರಿನಲ್ಲಿ ಅಭ್ಯಾಸ. ಮಾಸ್ಕಿನ ಒಳಗೆ ಉಗುಳಿ ಬೆರಳಿನಿಂದ ಉಜ್ಜಬೇಕು, ಇಲ್ಲದಿದ್ದರೆ ಗಾಜಿಗೆ ಮಂಜು ಕಟ್ಟುತ್ತದೆ. ಎಷ್ಟು ದುಬಾರಿ ಮಾಸ್ಕ್ ಆದರೂ ಉಗುಳೇ ಬೇಕು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ. ದಡದಲ್ಲಿ ನಡೆಯಲು ಆಗದಷ್ಟು ಭಾರ, ನೀರಿಗೆ ಇಳಿದರೆ ಭಾರವೇ ಇಲ್ಲ. ನಿಯಮ ಒಂದೇ, ಅದನ್ನು ಮತ್ತೆ ಮತ್ತೆ ಹೇಳುತ್ತಾರೆ: ಯಾವ ಕಾರಣಕ್ಕೂ ಉಸಿರು ಹಿಡಿಯಬೇಡಿ. ಕೆಳಗೆ ಒತ್ತಡದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಹೊಳೆಯಲ್ಲಿ ಮೂಗು ಮುಚ್ಚಿ ಮುಳುಗು ಹಾಕುತ್ತಾ ಈಜು ಕಲಿತ ನಮ್ಮಂಥವರಿಗೆ ಇದೇ ಕಷ್ಟ. ನೀರೊಳಗೆ ಹೋದರೆ ಉಸಿರು ಹಿಡಿಯಬೇಕು ಅನ್ನುವುದು ಮೈಗೆ ಅಂಟಿದ ಅಭ್ಯಾಸ.

ಆಮೇಲೆ ಬೋಟಿನಲ್ಲಿ ದಿಬ್ಬದ ಕಡೆ ಹೋಗಿ ಇಳಿದೆವು. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ. ಆದರೆ 10 ಮೀಟರಿಗೇ ಒತ್ತಡ ದುಪ್ಪಟ್ಟಾಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದರ ಅಪ್ಪನಂಥದ್ದು. ಮೂಗು ಹಿಡಿದು ಮೆಲ್ಲಗೆ ಊದಿದರೆ ಟಕ್ ಅಂತ ಬಿಡುತ್ತದೆ. ಮತ್ತೆ ಒಂದು ಮೀಟರ್ ಇಳಿಯುವುದು, ಮತ್ತೆ ಊದುವುದು. ಗೆಳತಿಯ ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು. ಕೆಳಗೆ ಹೋದಂತೆ ಅದು ಕೆಂಪು ಬಿಟ್ಟು ಕಂದಾಯ್ತು, ಆಮೇಲೆ ಕಪ್ಪಿಗೆ ತಿರುಗಿತು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು. ಮೇಲೆ ಬಂದಾಗ ಮತ್ತೆ ಕೆಂಪು.

ಮೀನು ನೋಡುವುದು ನಮಗೆ ಹೊಸದೇನಲ್ಲ. ಶೃಂಗೇರಿಯ ಮೆಟ್ಟಿಲ ಮೇಲೆ, ಚಿಬ್ಬಲಗುಡ್ಡೆಯಲ್ಲಿ ಮಂಡಕ್ಕಿ ಎಸೆದು ತುಂಗೆಯ ಮೀನುಗಳ ಬಾಯಿ ನೋಡಿಯೇ ಬೆಳೆದವರು ನಾವು. ಆದರೆ ತುಂಗೆಯಲ್ಲಿ ಮೀನು ನಮ್ಮ ಕಡೆ ಬರುತ್ತದೆ. ಹವಳದ ಮೀನಿಗೆ ನಮ್ಮ ಗೊಡವೆಯೇ ಇಲ್ಲ. ಎಲ್ಲ ತಮ್ಮ ತಮ್ಮ ಕೆಲಸದಲ್ಲಿವೆ. ಒಂದು ಸಣ್ಣ ನೀಲಿ ಮೀನು ದೊಡ್ಡದೊಂದರ ಬಾಯಿಯೊಳಗೇ ಹೋಗಿ ಹಲ್ಲು ಕಿವಿರು ಚೊಕ್ಕ ಮಾಡುತ್ತಿತ್ತು, ದೊಡ್ಡದು ಬಾಯಿ ಕಳೆದು ಅಲ್ಲಾಡದೆ ನಿಂತಿತ್ತು. ಕ್ಲೌನ್ ಮೀನುಗಳ ಸಂಸಾರ ಇನ್ನೂ ವಿಚಿತ್ರ. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ದೊಡ್ಡದು ಮಾತ್ರ ಹೆಣ್ಣು, ಅವಳೇ ಯಜಮಾನಿ. ಅವಳು ಸತ್ತರೆ ಅವಳ ಗಂಡನೇ ಹೆಣ್ಣಾಗಿ ಆ ಜಾಗಕ್ಕೆ ಬರುತ್ತಾನೆ. ಇದನ್ನು ಅತ್ತೆಗೆ ಹೇಳಿದಾಗ ಬಹಳ ಹೊತ್ತು ನಕ್ಕರು.

ಆದರೆ ನಾನು ಮನಸ್ಸಿಟ್ಟು ನೋಡಿದ್ದು ಗಿಳಿಮೀನನ್ನು. ಮೊದಲು ಕೇಳಿದ್ದು ಅದರ ಸದ್ದನ್ನು. ನೀರೊಳಗೆ ಮೌನ ಇರುತ್ತದೆ ಅಂತ ಅಂದುಕೊಂಡಿದ್ದರೆ ಹಾಗೇನಿಲ್ಲ. ನಿಮ್ಮ ಉಸಿರಿನ ಗುಳುಗುಳು, ಅದರ ನಡುವೆ ಎಲ್ಲಿಂದಲೋ ಕರಕರ ಕಡಿಯುವ ಸದ್ದು. ಹಸಿರು, ಗುಲಾಬಿ, ನೀಲಿ ಕಲಸಿದ ಮೈಯ, ಮೊಳದುದ್ದದ ಮೀನು. ಅದರ ಹಲ್ಲುಗಳೆಲ್ಲ ಕೂಡಿಕೊಂಡು ಗಿಳಿಯ ಕೊಕ್ಕಿನ ಹಾಗೆ ಆಗಿರುತ್ತವೆ. ಅದರಿಂದ ಹವಳದ ಮೇಲ್ಮೈಯನ್ನು ಕೆರೆಯುತ್ತದೆ. ಕೆರೆದ ಕಡೆ ಬಿಳಿ ಗೀರು ಕಾಣುತ್ತದೆ. ಬೇಕಾಗಿರುವುದು ಪಾಚಿ, ಆದರೆ ಅದರ ಜೊತೆ ಸುಣ್ಣದ ಕಲ್ಲೂ ಬಾಯಿಗೆ ಬರುತ್ತದೆ. ಗಂಟಲಲ್ಲಿ ಇನ್ನೊಂದು ಸಾಲು ಹಲ್ಲಿದೆ, ಅಲ್ಲಿ ನುರಿಯುತ್ತದೆ. ನೋಡುತ್ತಿದ್ದ ಹಾಗೇ ಮುಂದೆ ಈಜುತ್ತಾ ಹಿಂದಿನಿಂದ ಒಂದು ಬಿಳಿ ಮೋಡ ಬಿಟ್ಟಿತು. ಮೋಡ ನಿಧಾನವಾಗಿ ಇಳಿದು ತಳ ಸೇರಿತು. ಅದು ಮರಳು. ದೊಡ್ಡ ಜಾತಿಯ ಗಿಳಿಮೀನು ಒಂದೇ ವರ್ಷಕ್ಕೆ ನೂರಾರು ಕೆ.ಜಿ. ಮರಳು ಮಾಡುತ್ತದೆ. ಬೆಳ್ಳಗಿನ ಬೀಚು ಅಂತ ನಾವು ಫೋಟೋ ತೆಗೆಸಿಕೊಳ್ಳುವ ಮರಳಿನಲ್ಲಿ ಬಹಳಷ್ಟು ಮೀನಿನ ಹೊಟ್ಟೆಯಿಂದ ಬಂದದ್ದೇ. ತೋಟಕ್ಕೆ ಸಗಣಿ ಗೊಬ್ಬರ ಹಾಕುವವರಿಗೆ ಇದನ್ನು ಹೇಳಿದರೆ ಯಾರೂ ಮೂಗು ಮುಚ್ಚಲಿಲ್ಲ.

ಹವಳ ಅನ್ನುವುದು ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಜೀವಿಗಳು ಒಂದರ ಪಕ್ಕ ಒಂದು ಅಂಟಿಕೊಂಡು, ಸುತ್ತ ಸುಣ್ಣದ ಗೂಡು ಕಟ್ಟಿಕೊಂಡು ಬದುಕುತ್ತವೆ. ಸತ್ತವುಗಳ ಗೂಡಿನ ಮೇಲೆ ಹೊಸವು ಕಟ್ಟುತ್ತವೆ. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಹೀಗೆ ಒಂದು ಇಡೀ ದ್ವೀಪ ಹೇಗಾಯ್ತು ಅನ್ನುವುದಕ್ಕೆ ಉತ್ತರ ಹೇಳಿದವನು ಚಾರ್ಲ್ಸ್ ಡಾರ್ವಿನ್, 1842ರಲ್ಲಿ. ಮೊದಲು ಸಮುದ್ರದಲ್ಲಿ ಒಂದು ಜ್ವಾಲಾಮುಖಿ. ಅದರ ಸುತ್ತ ಹವಳ. ಜ್ವಾಲಾಮುಖಿ ಆರಿ ನಿಧಾನವಾಗಿ ಕುಸಿಯುತ್ತದೆ. ಹವಳಕ್ಕೆ ಬೆಳಕು ಬೇಕು, ಹಾಗಾಗಿ ಅದು ಮೇಲೆ ಮೇಲೆ ಕಟ್ಟುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಕಾಣದಾಗುತ್ತದೆ, ಸುತ್ತಿನ ಹವಳ ಮಾತ್ರ ಉಳಿಯುತ್ತದೆ. ನಡುವಿನ ಜಾಗವೇ ಲಗೂನ್. ನೂರಕ್ಕೂ ಹೆಚ್ಚು ವರ್ಷ ಇದು ಬರೀ ಊಹೆಯಾಗಿತ್ತು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಬೋರ್ ಕೊರೆದಾಗ ಸುಮಾರು 1,400 ಮೀಟರ್ ಹವಳದ ಸುಣ್ಣದ ಕೆಳಗೆ ಜ್ವಾಲಾಮುಖಿಯ ಕರಿಕಲ್ಲು ಸಿಕ್ಕಿತು.

ಲಕ್ಷದ್ವೀಪದ ಕೆಳಗಿನ ಬೆಟ್ಟಸಾಲೂ ನಮಗೆ ಸಂಬಂಧಿಕರದ್ದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿನ ಒಂದು ಬಿಸಿ ಚಿಲುಮೆಯ ಮೇಲೆ ನಮ್ಮ ನೆಲ ಹಾದುಹೋದಾಗ ಲಾವಾ ಉಕ್ಕಿ ದಖನ್ನಿನ ಕರಿಕಲ್ಲು ಹರಡಿತು. ಬೆಳಗಾವಿ ಕಡೆ ನೋಡುತ್ತೇವಲ್ಲ, ಅದೇ. ನೆಲ ಉತ್ತರಕ್ಕೆ ಸರಿದ ಹಾಗೆ ಅದೇ ಚಿಲುಮೆ ಹಿಂದೆ ಒಂದು ಸಾಲು ಬೆಟ್ಟ ಬಿಟ್ಟು ಹೋಯಿತು. ಅದರ ಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್, ಷಾಗೋಸ್. ಚಿಲುಮೆ ಈಗ ರಿಯೂನಿಯನ್ ದ್ವೀಪದ ಕೆಳಗಿದೆ. ನಮ್ಮ ಶಿವಮೊಗ್ಗದ ಕಲ್ಲುಗಳಾದರೋ 250 ಕೋಟಿ ವರ್ಷಕ್ಕೂ ಹಳೆಯವು. ನಮ್ಮ ನೆಲ ಯಾವತ್ತೋ ಆಗಿ ಮುಗಿದದ್ದು. ಅವರದು ಇವತ್ತೂ ಆಗುತ್ತಿರಬೇಕು. ಅಲೆ ದಿನಾ ಒಡೆಯುತ್ತದೆ, ಹವಳ ದಿನಾ ಕಟ್ಟುತ್ತದೆ, ಮೀನು ದಿನಾ ಪುಡಿ ಮಾಡಿ ಮರಳು ಸುರಿಯುತ್ತದೆ. ಆ ದಿಬ್ಬ ಅಲೆಯ ಪೆಟ್ಟು ತಿನ್ನುವುದರಿಂದಲೇ ಲಗೂನ್ ಶಾಂತ. ಲಗೂನ್ ಶಾಂತವಾಗಿರುವುದರಿಂದ ಮರಳು ನಿಂತಿದೆ. ಮರಳಿನಲ್ಲಿ ಮಳೆನೀರು ನಿಂತಿದೆ. ನಾನು ಕುಡಿದ ಆ ಬೊಗಸೆ ನೀರಿನ ಕಾವಲಿಗೆ ಇರುವುದು ಆ ಸಣ್ಣ ಜೀವಿಗಳು.

ಚಿಕ್ಕಪ್ಪ ಇಷ್ಟು ಕೇಳಿ "ಹಂಗಾರೆ ಅದು ಅವರ ಸೊಪ್ಪಿನಬೆಟ್ಟ" ಅಂದರು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ತೋಟಕ್ಕೆ ಸೊಪ್ಪು ಕೊಡುವ ಮೇಲಿನ ಬೆಟ್ಟ ಬೋಳಾದರೆ ಕೆಳಗಿನ ಹಳ್ಳ ಫೆಬ್ರವರಿಗೇ ಒಣಗುತ್ತದೆ ಅನ್ನುವುದನ್ನು ನಮ್ಮಲ್ಲಿ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಅವರ ಬೆಟ್ಟ ಬೋಳಾಗುತ್ತಿದೆ. ಹವಳದ ಮೈಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡುವುದು ಅದು, ಹವಳಕ್ಕೆ ಬಣ್ಣ ಕೊಡುವುದೂ ಅದೇ. ಬೇಸಗೆಯ ಮಾಮೂಲಿ ಬಿಸಿಗಿಂತ ಸಮುದ್ರ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 1998ರಿಂದ ಲೆಕ್ಕ ಇಟ್ಟ ಸಂಶೋಧಕರ ಪ್ರಕಾರ ಎರಡು ದಶಕ ಮೀರಿದ ಈ ಕಾಲದಲ್ಲಿ ಜೀವಂತ ಹವಳ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ನಾವು ಇಳಿದ ಜಾಗದಲ್ಲೂ ಒಂದು ಕಡೆ ಬಣ್ಣದ ಸಂತೆ, ಹತ್ತು ಮಾರು ಆಚೆ ಬೂದು ಬಣ್ಣದ ಮುರಿದ ಕಡ್ಡಿಗಳ ರಾಶಿ. ಅದರ ಮೇಲೆ ಪಾಚಿ ಹಬ್ಬಿತ್ತು. ಆ ಹುಡುಗ ಅಲ್ಲಿ ನಿಲ್ಲಿಸದೆ ಮುಂದೆ ಕರೆದುಕೊಂಡು ಹೋದ.

ಇನ್ನು ಆಮೆ. ಎಲ್ಲರಿಗೂ ಆಮೆ ಇಷ್ಟ, ನನಗೂ. ಹಸಿರು ಆಮೆ ಲಗೂನ್‌ನ ತಳದಲ್ಲಿ ಕಡಲಹುಲ್ಲು ಮೇಯುತ್ತಾ, ಆಗಾಗ ಉಸಿರಿಗೆ ಮೇಲೆ ಬಂದು ಮೂಗು ತೋರಿಸಿ ಹೋಗುತ್ತದೆ. ಆದರೆ ಬೋಟಿನವನನ್ನು ಆಮೆಯ ಬಗ್ಗೆ ಕೇಳಿದರೆ ಮುಖ ಹುಳಿ ಮಾಡಿಕೊಂಡ. ಅಗತ್ತಿಯ ಲಗೂನ್‌ನಲ್ಲಿ ಆಮೆಗಳು ಎಷ್ಟು ಹೆಚ್ಚಾದವು ಅಂದರೆ ಹುಲ್ಲುಗಾವಲು ಪೂರ್ತಿ ಮೇಯ್ದು ಮುಗಿಸಿದವು. ಆ ಹುಲ್ಲಿನಲ್ಲಿ ಮರಿ ಮಾಡುತ್ತಿದ್ದ ಮೀನುಗಳೂ ಕಡಿಮೆಯಾದವು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನ್‌ಗೆ ಹೋದವು, ಕಡ್ಮತ್‌ಗೂ ಬಂದವು. ಮೊದಲು ದ್ವೀಪದವರು ಆಮೆಯ ಕೊಬ್ಬನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಈ ಆಮೆ, ಹುಲ್ಲು, ಮೀನುಗಾರರ ಜಗಳವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಇಡೀ ಜಗತ್ತು ಉಳಿಸಬೇಕು ಅನ್ನುವ ಪ್ರಾಣಿ, ಆ ಊರಿನವರಿಗೆ ಹೊಟ್ಟೆಯ ಮೇಲೆ ಹೊಡೆಯುವ ಪ್ರಾಣಿ.

ಈ ಕತೆಗೆ ನಮ್ಮ ಜಗುಲಿಯಲ್ಲಿ ಸಿಕ್ಕಷ್ಟು ಗಮನ ಯಾವ ಹವಳಕ್ಕೂ ಸಿಗಲಿಲ್ಲ. ಎಳೆಅಡಿಕೆ ಕಿತ್ತು ಬಿಸಾಡುವ ಮಂಗ, ಗದ್ದೆಗೆ ಇಳಿಯುವ ಕಾಡುಕೋಣ, ಕೆಸುವಿನ ಗಡ್ಡೆ ಬಿಡದ ಹಂದಿ. ಎಲ್ಲರ ಹತ್ತಿರವೂ ಒಂದೊಂದು ದೂರು. "ಹಂಗಾರೆ ಅವರೂ ಒಂದು ಆಮೆ ಪಾರ್ಕ್ ಕೇಳ್ಬೇಕು" ಅಂದರು ಚಿಕ್ಕಪ್ಪ. ತೋಟ ಹಾಳು ಮಾಡುವ ಮಂಗಗಳನ್ನು ಹಿಡಿದು ಬಿಡಲು ಒಂದು ಮಂಕಿ ಪಾರ್ಕ್ ಬೇಕು ಅಂತ ನಮ್ಮ ಜಿಲ್ಲೆಯಲ್ಲಿ ವರ್ಷಗಳಿಂದ ಕೇಳುತ್ತಲೇ ಇದ್ದೇವಲ್ಲ. ನಾನು ಆಮೆಯ ಪಕ್ಷವೂ ಅಲ್ಲ, ಮೀನುಗಾರರ ಪಕ್ಷವೂ ಅಲ್ಲ. ಆದರೆ ದೂರದಲ್ಲಿ ಕೂತು ಮಂಗ ಎಷ್ಟು ಮುದ್ದು ಅನ್ನುವವರ ಮೇಲೆ ನಮಗೆ ಬರುವ ಸಿಟ್ಟು ಎಂಥದು ಅಂತ ಗೊತ್ತಿದ್ದರಿಂದ ಆ ಬೋಟಿನವನ ಮುಂದೆ ಆಮೆಯನ್ನು ಹೊಗಳುವ ಧೈರ್ಯ ಮಾಡಲಿಲ್ಲ.

ಅಲ್ಲಿನವರ ಮೀನುಗಾರಿಕೆ ನೋಡಿದರೆ ಖುಷಿಯಾಗುತ್ತದೆ. ಟ್ಯೂನಾ ಹಿಡಿಯುವುದು ಬಲೆಯಿಂದ ಅಲ್ಲ, ಗಳದಿಂದ. ಬೆಳಿಗ್ಗೆ ಲಗೂನ್‌ನಲ್ಲಿ ಸಣ್ಣ ಮೀನು ಹಿಡಿದು ಜೀವಂತವಾಗಿ ದೋಣಿಯ ನೀರಿನ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಿನ ಕಡಲಿಗೆ ಹೋಗಿ ಅವನ್ನು ಎರಚಿದರೆ ಟ್ಯೂನಾ ನುಗ್ಗಿ ಬರುತ್ತವೆ. ಸಾಲಾಗಿ ನಿಂತವರು ಗಳ ಹಾಕಿ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಬೇಡದ ಮೀನು, ಆಮೆ ಸಿಕ್ಕಿ ಸಾಯುವುದು ಇಲ್ಲವೇ ಇಲ್ಲ ಅನ್ನಬಹುದು. ಅದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ಮಾಸ್. ಕಟ್ಟಿಗೆಯಷ್ಟು ಗಟ್ಟಿ. ಆ ಸಣ್ಣ ಮೀನುಗಳಿಗೂ ಲಗೂನ್‌ನ ಹವಳವೇ ಮನೆ.

ನಮ್ಮ ಪಕ್ಕದ ಗುಂಪಿನಲ್ಲಿ ಒಬ್ಬರು ಫೋಟೋಗೆ ಅಂತ ಹವಳದ ಮೇಲೆ ಕಾಲೂರಿ ನಿಂತರು. ಎಲ್ಲಿಂದಲೋ ಟಣ್ ಟಣ್ ಅಂತ ಸದ್ದು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ, ಹಾಗಾಗಿ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ತಿಳಿಯುವುದಿಲ್ಲ. ನಾವೆಲ್ಲ ಸುತ್ತ ತಿರುಗಿ ನೋಡಿದೆವು. ಕಲಿಸುವ ಹುಡುಗ ಕಬ್ಬಿಣದ ಕಡ್ಡಿಯಿಂದ ತನ್ನ ಸಿಲಿಂಡರ್ ಬಡಿಯುತ್ತಿದ್ದ. ಕೈಯಲ್ಲಿ ತೋರಿಸಿದ್ದು ಇಷ್ಟೇ: ಕಾಲು ತೆಗಿ. ಅವರು ಕಾಲು ತೆಗೆದರು, ಆದರೆ ಕಾಲಿಗೆ ಹಾಕಿದ ಫಿನ್ ತಾಗಿ ಹವಳದ ಒಂದು ಕೊಂಬೆ ಆಗಲೇ ಮುರಿದಿತ್ತು.

ನನಗೆ ಕೊಡಚಾದ್ರಿ ನೆನಪಾಯಿತು. ವೀಕೆಂಡ್‌ಗೆ ಬಂದು, ಜೀಪಿನಲ್ಲಿ ಹತ್ತಿ, ಮೇಲೆ ಹುಲ್ಲಿನಲ್ಲಿ ಕುಣಿದು, ಚಿಪ್ಸ್ ಪ್ಯಾಕೆಟ್ ಬಿಟ್ಟು ಹೋಗುವವರನ್ನು ನಾವು ಎಷ್ಟು ಬೈಯುತ್ತೇವೆ! ಅಲ್ಲಿ ನಾವೇ ಆ ವೀಕೆಂಡಿನವರು. 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿ ಸ್ನಾರ್ಕೆಲ್ ಮಾಡಿದ ಫೋಟೋ ಬಂದ ಮೇಲೆ ಇಡೀ ದೇಶಕ್ಕೆ ಲಕ್ಷದ್ವೀಪದ ಹುಚ್ಚು ಹತ್ತಿತು. ಎಲ್ಲರೂ ಬರಲಿ ಅನ್ನುವುದು ಸರಿ, ಆದರೆ 32 ಚದರ ಕಿಲೋಮೀಟರ್ ನೆಲ, ತೇಲುವ ತೆಳುನೀರು. ಹೋಟೆಲಿನ ಶವರ್‌ಗೂ ಅದೇ ನೀರು. ಪರ್ಮಿಟ್‌ಗೆ ಓಡಾಡುವಾಗ ಇದೆಂಥ ರಗಳೆ ಅನಿಸಿತ್ತು. ಈಗ ಕೇಳಿದರೆ, ಆಗುಂಬೆಗೂ ಒಂದು ಪರ್ಮಿಟ್ ಇದ್ದರೆ ಒಳ್ಳೆಯದು ಅನ್ನುತ್ತೇನೆ. ಹೋಂಸ್ಟೇ ಇಟ್ಟಿರುವ ನನ್ನ ಭಾವ ಇದನ್ನು ಓದಿದರೆ ಜಗಳಕ್ಕೇ ಬರುತ್ತಾರೆ, ಬರಲಿ.

ಹೋಗುವವರಿಗೆ ಎರಡು ಮಾತು. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಸತ್ತ ಹವಳವೂ ಕಾನೂನಿನ ಪ್ರಕಾರ ವನ್ಯಜೀವಿಯೇ, ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ಕೇಸು. ತೆಂಗಿನಕಾಯಿ ಬೆಲ್ಲದ ದ್ವೀಪದ ಹಲ್ವ ತನ್ನಿ, ಎಲೆಯಲ್ಲಿ ಕಟ್ಟಿ ಕೊಡುತ್ತಾರೆ, ಅತ್ತೆಯ ಕಡೆಯಿಂದ ಪಾಸಾಗಿದೆ. ಮತ್ತೆ ಡೈವ್ ಮಾಡಿದ ಮರುದಿನ ಬೆಳಿಗ್ಗೆಯೇ ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಿಸಬೇಡಿ. ಮೈಯಲ್ಲಿ ಸೇರಿದ ಸಾರಜನಕ ಇಳಿಯಲು ಸಮಯ ಬೇಕು. ಕನಿಷ್ಠ 18 ಗಂಟೆ, 24 ಆದರೆ ಒಳ್ಳೆಯದು.

ತಂಗಿಯ ಮಗನಿಗೆ ಈಗ ಡೈವಿಂಗ್ ಆಗಬೇಕು. ಅಷ್ಟು ದೂರ ಬೇಡ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗು, ಅಲ್ಲೂ ಹವಳ ಇದೆ, ಜೋಗದ ಮೇಲೆ ಹೋದರೆ ಅರ್ಧ ದಿನದ ದಾರಿ ಅಂದೆ. ಆದರೆ ಮೊದಲು ಈಜು ಕಲಿ. ಈಜು ಬರದಿದ್ದರೂ ಕರೆದುಕೊಂಡು ಹೋಗುತ್ತಾರೆ ಅಂತ ಅವನು ಮೊಬೈಲಿನಲ್ಲಿ ತೋರಿಸುತ್ತಾನೆ. ಅದೂ ನಿಜವೇ. ಆದರೆ ನೀರಿನಲ್ಲಿ ಹೆದರಿದವನು ಮೊದಲು ಕಾಲೂರಲು ಜಾಗ ಹುಡುಕುತ್ತಾನೆ, ಅವನ ಕಾಲಿಗೆ ಸಿಗುವುದು ಹವಳವೇ. ಡಿಸೆಂಬರ್‌ಗೆ ತುಂಗೆ ಇಳಿಯುತ್ತದೆ, ಚಿಕ್ಕಪ್ಪ ಕಲಿಸುತ್ತೇನೆ ಅಂದಿದ್ದಾರೆ. ಕೊನೆ ಕೊಯ್ಲಿಗೆ ಕೈಜೋಡಿಸಿದರೆ ಮಾತ್ರ ಅಂತ ಷರತ್ತು ಹಾಕಿದ್ದಾರೆ. ಮಾತುಕತೆ ಇನ್ನೂ ನಡೆಯುತ್ತಿದೆ.